ಗೋಡೆಯಾಚೆಯ ಆಜ್ಞೆ

ಭೂಮಧ್ಯರೇಖೆಯ ನೇರಕ್ಕೆ, ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವ ಉಪಗ್ರಹಕ್ಕೆ ಹಾಸನದಿಂದ ಆಜ್ಞೆ ಹೋಗುತ್ತದೆ. 1982ರಲ್ಲಿ ಅಲ್ಲಿ ಸ್ಥಾಪಿತವಾದ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಒಂದು ಸಂಕೇತವನ್ನು ಕಳುಹಿಸಿದರೆ, ಸೆಕೆಂಡಿನ ಎಂಟನೆಯ ಒಂದು ಪಾಲು ಕಳೆಯುವಷ್ಟರಲ್ಲಿ ಅದು ಉಪಗ್ರಹವನ್ನು ಮುಟ್ಟುತ್ತದೆ. ಉಪಗ್ರಹ ಹೇಳಿದಂತೆ ಕೇಳುತ್ತದೆ. ಅಂಥದೇ ಒಂದು ಉಪಗ್ರಹದಿಂದ ಇಳಿದ ಚಿತ್ರವನ್ನು ಹುಳಿಮಾವಿನ ಮನೆಯೊಂದರ ಹಜಾರದಲ್ಲಿರುವ ಪುಟ್ಟ ಪೆಟ್ಟಿಗೆಯೊಂದು ಬಿಡಿಸಿ ತೋರಿಸುತ್ತದೆ. ಆದರೆ ಅದೇ ಮನೆಯ ಹಿಂಗೋಣೆಯಲ್ಲಿ, ಹದಿನೈದು ಅಡಿ ಆಚೆ ಮಂಚದ ಮೇಲೆ ಕುಳಿತ ವೃದ್ಧೆಯೊಬ್ಬರು ಒತ್ತುವ ಗುಂಡಿಯ ಆಜ್ಞೆ ಮಾತ್ರ ಆ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ನಡುವೆ ಇರುವುದು ಒಂದೇ ಒಂದು ಇಟ್ಟಿಗೆಯ ಗೋಡೆ.

ಬನ್ನೇರುಘಟ್ಟ ರಸ್ತೆಯ ಹುಳಿಮಾವು ಗೇಟಿನಿಂದ ಒಳಕ್ಕೆ ತಿರುಗಿದರೆ ಸಿಗುವ ಬೀದಿಗಳಲ್ಲಿ ಇಂಥ ಮನೆಗಳು ಒಂದೆರಡಲ್ಲ. ಮೂವತ್ತು-ನಲವತ್ತರ ನಿವೇಶನ, ಮುಂದೆ ಹಜಾರ, ಮಧ್ಯದಲ್ಲಿ ಅಡಿಗೆಮನೆ, ಹಿಂದೆ ಹಿರಿಯರ ಕೋಣೆ, ತಾರಸಿಯ ಮೇಲೆ ನೀರಿನ ತೊಟ್ಟಿಯ ಪಕ್ಕದಲ್ಲಿ ಎರಡಡಿ ಅಗಲದ ಡಿಷ್. ಹಜಾರಕ್ಕೆ ಹೊಸ ಟಿ.ವಿ. ಬಂದ ದಿವಸ ಹಳೆಯದು ಹಿಂಗೋಣೆಗೆ ಹೋಗುತ್ತದೆ. ಎರಡನೆಯ ಸೆಟ್‌ಟಾಪ್ ಪೆಟ್ಟಿಗೆಗೆ ಬೇರೆ ಹಣ, ತಿಂಗಳಿಗೆ ಬೇರೆ ಚಂದಾ. ಆದುದರಿಂದ ಮನೆಯ ಹುಡುಗ ಒಂದು ಉಪಾಯ ಹೂಡುತ್ತಾನೆ. ಪೆಟ್ಟಿಗೆಯ ಬೆನ್ನಿನಲ್ಲಿ ಹೊಸ ಟಿ.ವಿ.ಗೆ ಹೋಗುವ ಎಚ್.ಡಿ.ಎಂ.ಐ. ಕಿಂಡಿಯ ಜೊತೆಗೆ, ಹಳದಿ, ಬಿಳಿ, ಕೆಂಪು ಮೂತಿಗಳ ಹಳೆಯ ತಂತಿಗೆ ಬೇಕಾದ ಕಿಂಡಿಯೂ ಬಹುಮಟ್ಟಿಗೆ ಉಂಟಷ್ಟೆ. ಅಲ್ಲಿಂದ ಉದ್ದನೆಯ ತಂತಿಯೊಂದನ್ನು ಗೋಡೆಯ ಅಂಚಿನಲ್ಲೇ ಎಳೆದು ಹಳೆಯ ಟಿ.ವಿ.ಗೆ ಸಿಕ್ಕಿಸುತ್ತಾನೆ. ಚಿತ್ರವೇನೋ ಹಿಂಗೋಣೆಗೆ ಬಂತು. ಅಧಿಕಾರ ಬರಲಿಲ್ಲ.

ಮೊಣಕಾಲು ನೋವಿನ ಆ ಹಿರಿಯರು ಬೆಳಗ್ಗೆ ಚಂದನ ವಾಹಿನಿಯನ್ನು ನೋಡಬೇಕೆಂದರೆ “ಪುಟ್ಟಾ, ಒಂದಿಷ್ಟು ಚಂದನ ಹಾಕಿ ಹೋಗಪ್ಪ” ಎಂದು ಮೊಮ್ಮಗನನ್ನು ಕರೆಯಬೇಕು. ಮೊದಲ ವಾರ ಹುಡುಗ ಓಡಿಬರುತ್ತಾನೆ. ಎರಡನೆಯ ವಾರ “ಬಂದೆ ಅಜ್ಜಿ” ಎಂದು ಕುಳಿತಲ್ಲಿಂದಲೇ ಕೂಗುತ್ತಾನೆ. ಮೂರನೆಯ ವಾರಕ್ಕೆ ಅಜ್ಜಿ ಕರೆಯುವುದನ್ನೇ ಬಿಟ್ಟು, ಹಜಾರದವರು ಏನನ್ನು ನೋಡುತ್ತಾರೋ ಅದನ್ನೇ ನೋಡುತ್ತ ಕುಳಿತುಬಿಡುತ್ತಾರೆ. ಮನೆಯವರು, “ಅಮ್ಮನಿಗೆ ಈಗ ಯಾವುದಾದರೂ ಆದೀತು, ಪಾಪ, ಹಟವಿಲ್ಲ” ಎಂದು ಸಂತೋಷಪಡುತ್ತಾರೆ. ಇದು ಸಂತೋಷಪಡತಕ್ಕ ಸಂಗತಿಯಲ್ಲ. ಹಗಲಿನ ಹತ್ತು ಗಂಟೆಗಳನ್ನು ಒಂದೇ ಕೋಣೆಯಲ್ಲಿ ಕಳೆಯುವವರಿಗೆ, ತಮ್ಮ ಇಚ್ಛೆಯಂತೆ ನಡೆಯುವ ವಸ್ತುಗಳು ದಿನೇ ದಿನೇ ಕಡಿಮೆಯಾಗುತ್ತ ಬರುತ್ತವೆ. ಉಳಿದಿದ್ದ ಒಂದನ್ನು ಒಂದು ಗೋಡೆ ಕಿತ್ತುಕೊಂಡಿತು. ಆ ಗೋಡೆಯನ್ನು ದಾಟುವುದಕ್ಕೆ ಆಗುವ ಖರ್ಚು ಹೆಚ್ಚಿನದೂ ಅಲ್ಲ. ಬೇಕಾದುದು ಸ್ವಲ್ಪ ತಿಳುವಳಿಕೆ.

ಟಿ.ವಿ.ಯ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆ ಕರ್ನಾಟಕಕ್ಕೆ ಉಪಗ್ರಹದ ಚಿತ್ರ ಬಂದ ದಿನದಿಂದಲೂ ಇದ್ದೇ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರ ಇಳಿಯಿತು. ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಆ ಸಾಲಿನಲ್ಲಿದ್ದುವು. ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಡಿಷ್. ಊರಿಗೆಲ್ಲ ಒಂದೇ ಟಿ.ವಿ.; ಅದನ್ನು ಹಚ್ಚುವುದಕ್ಕೂ ಆರಿಸುವುದಕ್ಕೂ ಒಬ್ಬ ಉಸ್ತುವಾರಿಯವನು. ಅಂದು ಆರಿಸಿಕೊಳ್ಳುವುದಕ್ಕೆ ಬೇರೆ ವಾಹಿನಿಯೇ ಇರಲಿಲ್ಲವಾದ್ದರಿಂದ ಜಗಳವೂ ಇರಲಿಲ್ಲ. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾದ ಮೇಲೂ ಬಹುಕಾಲ ಮನೆಯ ಯಜಮಾನರೇ ಎದ್ದು ಹೋಗಿ ಗುಂಡಿ ತಿರುಗಿಸುತ್ತಿದ್ದರು. 2003ರ ತರುವಾಯ ಮನೆಮನೆಗೆ ನೇರವಾಗಿ ಉಪಗ್ರಹದ ವಾಹಿನಿಗಳನ್ನು ಇಳಿಸುವ ಕಂಪನಿಗಳು ಒಂದರ ಹಿಂದೊಂದು ಬಂದು, ನೂರಾರು ವಾಹಿನಿಗಳಾದಾಗ, ಎದ್ದು ಹೋಗಿ ಗುಂಡಿ ತಿರುಗಿಸುವ ಮಾತೇ ಇಲ್ಲವಾಯಿತು. ಯಾರ ಕೈಯಲ್ಲಿ ರಿಮೋಟೋ ಅವರೇ ಯಜಮಾನರು.

ರಿಮೋಟಿನ ವಂಶಾವಳಿಯೂ ರಸವತ್ತಾಗಿದೆ. ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ಮಾರಿದ ಮೊದಲ ರಿಮೋಟಿಗೆ ಬಾಲದಂತೆ ತಂತಿಯಿದ್ದಿತು. ಜನ ಅದನ್ನು ಎಡವಿ ಬೀಳುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ಎಂಬವನು ಬೆಳಕಿನ ಪಿಸ್ತೂಲೊಂದನ್ನು ಮಾಡಿದ. ಪರದೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೆಳಕಿನ ಕಣ್ಣು. ಯಾವ ಮೂಲೆಗೆ ಬೆಳಕು ಹಾಯಿಸಿದರೆ ಆ ಕೆಲಸ. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಟಿ.ವಿ. ತಾನೇ ತಾನಾಗಿ ವಾಹಿನಿ ಬದಲಿಸತೊಡಗಿತು! ಮರುವರ್ಷ ರಾಬರ್ಟ್ ಆಡ್ಲರ್ ಬೆಳಕನ್ನು ಬಿಟ್ಟು ಶಬ್ದವನ್ನು ಹಿಡಿದ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯೂಮಿನಿಯಂ ಸರಳನ್ನು ಬಡಿಯುತ್ತಿತ್ತು. ಮನುಷ್ಯರ ಕಿವಿಗೆ ಎಟುಕದ ಆ ನಾದವನ್ನು ಟಿ.ವಿ. ಕೇಳಿಕೊಳ್ಳುತ್ತಿತ್ತು. ಅದಕ್ಕೆ ಸೆಲ್ಲೇ ಬೇಕಿರಲಿಲ್ಲ. 1980ರ ಸುಮಾರಿಗೆ ಶಬ್ದ ಹಿಂದೆ ಸರಿದು ಮತ್ತೆ ಬೆಳಕೇ ಬಂತು. ಆದರೆ ಈ ಸಾರಿ ಕಣ್ಣಿಗೆ ಕಾಣದ ಬೆಳಕು, ಕೆಂಪಿನಿಂದ ಆಚೆಯದು, ಅವಕೆಂಪು.

ಶಬ್ದಕ್ಕೂ ಬೆಳಕಿಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕಾದರೆ ಹುಳಿಮಾವಿನ ಗುಹಾಂತರ ದೇವಾಲಯಕ್ಕೆ ಹೋದರೆ ಸಾಕು. ಬಂಡೆಯ ಹೊರಗೆ ಬದಿಯಲ್ಲಿ ನಿಂತವರಿಗೆ ಒಳಗಿನ ಗಂಟೆ ಕೇಳಿಸುತ್ತದೆ. ಮಂಗಳಾರತಿಯ ಜ್ಯೋತಿ ಮಾತ್ರ ಬಾಗಿಲಿನ ನೇರಕ್ಕೆ ಬಂದವರಿಗೇ ಕಾಣಿಸುತ್ತದೆ. ನಾದ ಮೂಲೆ ಸುತ್ತಿ ಬರುತ್ತದೆ, ಬೆಳಕು ನೆಟ್ಟಗೆ ಹೋಗುತ್ತದೆ. ಅವಕೆಂಪು ಕಿರಣವೂ ಬೆಳಕೇ. ಬಿಳಿಯ ಸುಣ್ಣದ ಗೋಡೆಗೆ ತಗುಲಿ ಪುಟಿದು ಹೋದೀತು. ಗೋಡೆಯನ್ನು ತೂರಿ ಹೋಗಲಾರದು. ತೇಗದ ಬೀರುವಿನ ಬಾಗಿಲನ್ನೂ ತೂರಲಾರದು.

ಆ ಕಿರಣ ಆಡುವ ಮಾತು ಬಲು ಚೊಕ್ಕಟವಾದುದು. ರಿಮೋಟಿನ ಮೂತಿಯಲ್ಲಿರುವ ದೀಪ ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಮಿಡಿಯುತ್ತದೆ. ಬಿಸಿಲೂ ಮನೆಯ ದೀಪಗಳೂ ಅವಕೆಂಪನ್ನು ಚೆಲ್ಲುತ್ತಲೇ ಇರುತ್ತವಾದರೂ ಈ ಲಯದಲ್ಲಿ ಮಿಡಿಯುವುದಿಲ್ಲವಾದ್ದರಿಂದ, ಪೆಟ್ಟಿಗೆಯ ಕಣ್ಣು ಅವನ್ನೆಲ್ಲ ಅಲಕ್ಷಿಸಿ ಈ ಲಯವನ್ನೇ ಹೆಕ್ಕಿಕೊಳ್ಳುತ್ತದೆ. ಮಿಡಿತದ ನಡುನಡುವೆ ಗಿಡ್ಡ ಮತ್ತು ಉದ್ದ ವಿರಾಮಗಳನ್ನಿಟ್ಟು ಸಂಕೇತವನ್ನು ಕಟ್ಟುತ್ತಾರೆ. ಬಹಳ ಬಳಕೆಯಲ್ಲಿರುವ ಒಂದು ಜಪಾನೀ ಕ್ರಮದಲ್ಲಿ ಇಂಥ 32 ಅಕ್ಷರಗಳು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಲ್ಲಿ ಹೊರಟುಹೋಗುತ್ತವೆ. ಮೊದಲರ್ಧ ಯಾರಿಗೆ ಎಂಬುದನ್ನೂ ಉಳಿದರ್ಧ ಏನು ಎಂಬುದನ್ನೂ ಹೇಳುತ್ತವೆ. ಚಾಮರಾಜಪೇಟೆಯ ಹಳೆಯ ವಠಾರಗಳಲ್ಲಿ “ಅಮ್ಮಾ” ಎಂದು ಕೂಗಿದರೆ ಎಂಟು ಮನೆಯವರೂ ಬಾಗಿಲಿಗೆ ಬರುತ್ತಿದ್ದರು. “ಮೂರನೇ ಮನೆ ಸೀತಮ್ಮಾ, ಹಾಲು” ಎಂದರೆ ಒಬ್ಬರೇ ಬರುತ್ತಿದ್ದರು. ಹಾಗೆಯೇ ಟಿ.ವಿ.ಯ ರಿಮೋಟಿಗೆ ಸೆಟ್‌ಟಾಪ್ ಪೆಟ್ಟಿಗೆ ಓಗೊಡುವುದಿಲ್ಲ.

ಆದರೆ ಕರೆದವರು ಯಾರು ಎಂಬುದನ್ನು ಪೆಟ್ಟಿಗೆ ವಿಚಾರಿಸುವುದಿಲ್ಲ. ಅದೇ ಮಾದರಿಯ ಎರಡು ರಿಮೋಟುಗಳನ್ನಿಟ್ಟುಕೊಂಡರೆ ಎರಡಕ್ಕೂ ಅದು ಸಮನಾಗಿ ವಿಧೇಯ. ಆದುದರಿಂದ ಮೊದಲು ಕೊಳ್ಳಬೇಕಾದ ಸಲಕರಣೆ ಮತ್ತೊಂದು ರಿಮೋಟು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯದನ್ನು ತೋರಿಸಿ ಅದರಂಥದೇ ಒಂದನ್ನು ತರಬಹುದು. ಬ್ಲೂಟೂತ್ ಎಂಬ ರೇಡಿಯೋ ವಿಧಾನದಿಂದ ಮಾತನಾಡುವ ಇತ್ತೀಚಿನ ಪೆಟ್ಟಿಗೆಗಳಿಗೆ ಮಾತ್ರ ಹೊಸ ರಿಮೋಟಿನ ಪರಿಚಯ ಮಾಡಿಸಬೇಕಾಗುತ್ತದೆ. ಅವಕ್ಕೆ ಗೋಡೆಯೂ ಅಷ್ಟಾಗಿ ಅಡ್ಡಿಯಲ್ಲ.

ಇನ್ನು ಗೋಡೆ ದಾಟುವ ಬಗೆ. ಇದರಲ್ಲಿ ಸರಳವಾದುದು ತಂತಿಯ ದಾರಿ. ಉದ್ದಿನಕಾಳಿನಷ್ಟು ಗಾತ್ರದ ಒಂದು ಕಣ್ಣನ್ನು ಹಿಂಗೋಣೆಯಲ್ಲಿಟ್ಟು, ಅಲ್ಲಿಂದ ತೆಳುವಾದ ತಂತಿಯನ್ನು ಹಜಾರಕ್ಕೆ ತಂದು, ಅದರ ಇನ್ನೊಂದು ತುದಿಯ ಪುಟ್ಟ ದೀಪವನ್ನು ಪೆಟ್ಟಿಗೆಯ ಮುಖಕ್ಕೆ ಅಂಟಿಸುವುದು. ಕಣ್ಣು ಕಂಡುದನ್ನು ದೀಪ ಮರುನುಡಿಯುತ್ತದೆ. ಟಿ.ವಿ.ಗೆಂದು ಎಳೆದ ತಂತಿಯ ಪಕ್ಕದಲ್ಲೇ ಇದನ್ನೂ ಎಳೆಯಬಹುದು. ಮುಚ್ಚಿದ ಬೀರುವಿನೊಳಗೆ ಪೆಟ್ಟಿಗೆಯಿಟ್ಟವರಿಗೂ ಇದೇ ಮದ್ದು; ಹಾಗಿರುವವರು ಮೊದಲು ಬೀರುವಿನ ಬಾಗಿಲನ್ನು ತೆಗೆದಿಟ್ಟು ನೋಡುವುದು ಇನ್ನೂ ಅಗ್ಗ.

ಇಂಗ್ಲೆಂಡಿನ ಮನೆಗಳಲ್ಲಿ ಇದಕ್ಕಿಂತ ಜಾಣತನದ ಏರ್ಪಾಟು ನಡೆಯುತ್ತಿದ್ದಿತು. ಅಲ್ಲಿ 1998ರಲ್ಲಿ ಬಂದ ಸ್ಕೈ ಕಂಪನಿಯ ಪೆಟ್ಟಿಗೆಗೆ ಚಿತ್ರವನ್ನು ಬೇರೆ ಕೋಣೆಗೆ ಕಳುಹಿಸಲು ಪ್ರತ್ಯೇಕ ಕಿಂಡಿಯಿತ್ತು. ಚಿತ್ರ ಹೋಗುವ ಅದೇ ಆಂಟೆನಾ ತಂತಿಯಲ್ಲಿ 9 ವೋಲ್ಟಿನ ವಿದ್ಯುತ್ತನ್ನೂ ಹರಿಸಿದರೆ, ದೂರದ ಕೋಣೆಯ ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿದ ಕಣ್ಣೊಂದು ಎಚ್ಚರಗೊಂಡು, ಆಜ್ಞೆಯನ್ನು ಅದೇ ತಂತಿಯಲ್ಲಿ ಹಿಮ್ಮುಖವಾಗಿ ಕಳುಹಿಸುತ್ತಿತ್ತು. ಹೋಗುವುದೂ ಬರುವುದೂ ಒಂದೇ ತಂತಿ! ಎಷ್ಟೋ ಮನೆಗಳಲ್ಲಿ ಕಣ್ಣನ್ನು ಕೊಂಡು ತಂದು ಸಿಕ್ಕಿಸಿದರೂ ಕೆಲಸ ಮಾಡುತ್ತಿರಲಿಲ್ಲ. ಕಾರಣವಿಷ್ಟೆ, ಪೆಟ್ಟಿಗೆಯ ಒಳಗಿನ ಪಟ್ಟಿಯಲ್ಲಿ ಆ 9 ವೋಲ್ಟನ್ನು ಹರಿಸುವಂತೆ ಮೊದಲು ಹೇಳಬೇಕಾಗಿತ್ತು, ಆ ಪಟ್ಟಿಯೋ ಸಾಮಾನ್ಯರ ಕಣ್ಣಿಗೆ ಬೀಳದಂತೆ ಅಡಗಿತ್ತು. ಹುಳಿಮಾವಿನಲ್ಲಿ ಬಳಕೆಯಲ್ಲಿರುವ ಪೆಟ್ಟಿಗೆಗಳಿಗೆ ಇದನ್ನು ಹಾಗೆಯೇ ತಂದು ಹಾಕುವಂತಿಲ್ಲ.

ಇದರಲ್ಲೊಂದು ಎಚ್ಚರಿಕೆಯೂ ಉಂಟು. ತಾರಸಿಯ ಡಿಷ್‌ನಿಂದ ಇಳಿದ ತಂತಿಗೆ ಯಾರೂ ಇಂಥ ಸಲಕರಣೆಯನ್ನು ಸಿಕ್ಕಿಸತಕ್ಕದ್ದಲ್ಲ. ಆ ತಂತಿಯಲ್ಲಿ ಚಿತ್ರ ಮಾತ್ರ ಕೆಳಗಿಳಿಯುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಅದರಲ್ಲಿ ಆಜ್ಞೆ ಮೇಲಕ್ಕೂ ಹತ್ತುತ್ತದೆ. ಪೆಟ್ಟಿಗೆ ಒಮ್ಮೆ 13 ವೋಲ್ಟನ್ನೂ ಒಮ್ಮೆ 18 ವೋಲ್ಟನ್ನೂ ಕಳುಹಿಸಿ, ಡಿಷ್‌ನ ಮೂತಿಯಲ್ಲಿರುವ ಗ್ರಾಹಕಕ್ಕೆ, ಎದ್ದು ನಿಂತ ಅಲೆಗಳನ್ನು ಹಿಡಿಯಬೇಕೋ ಅಡ್ಡ ಮಲಗಿದ ಅಲೆಗಳನ್ನು ಹಿಡಿಯಬೇಕೋ ಎಂದು ತಿಳಿಸುತ್ತದೆ. ಬೇಕಾದೆಡೆ ಸೆಕೆಂಡಿಗೆ 22,000 ಸಲ ಮಿಡಿಯುವ ಸ್ವರವೊಂದನ್ನೂ ಬೆರೆಸುತ್ತದೆ. ಇದೂ ಒಂದು ರಿಮೋಟೇ ತಾನೆ! ಅಲ್ಲಿ ಅನ್ಯ ಸಲಕರಣೆ ನುಗ್ಗಿದರೆ ಅರ್ಧ ವಾಹಿನಿಗಳು ಮಾಯವಾಗಬಹುದು, ಸಲಕರಣೆಯೇ ಸುಟ್ಟುಹೋಗಬಹುದು.

ತಂತಿ ಎಳೆಯಲು ಇಷ್ಟವಿಲ್ಲದವರು ರೇಡಿಯೋದ ದಾರಿ ಹಿಡಿಯುತ್ತಾರೆ. ಅಂಗಡಿಗಳಲ್ಲಿ ಪಿರಮಿಡ್ಡಿನ ಆಕಾರದ ಜೋಡಿ ಸಿಗುತ್ತದೆ. ಒಂದು ಹಿಂಗೋಣೆಯಲ್ಲಿ ರಿಮೋಟಿನ ಕಿರಣವನ್ನು ಹೀರಿ, ಬಹುಮಟ್ಟಿಗೆ 433 ಮೆಗಾಹರ್ಟ್ಸಿನ ರೇಡಿಯೋ ಅಲೆಯನ್ನಾಗಿ ಹೊರಡಿಸುತ್ತದೆ. ಮತ್ತೊಂದು ಹಜಾರದಲ್ಲಿ ಆ ಅಲೆಯನ್ನು ಹಿಡಿದು ತಿರುಗಿ ಕಿರಣವನ್ನಾಗಿ ಮಾಡಿ ಪೆಟ್ಟಿಗೆಯತ್ತ ಬೀರುತ್ತದೆ. ಇಟ್ಟಿಗೆಯ ಗೋಡೆ ಇದಕ್ಕೆ ಲೆಕ್ಕಕ್ಕಿಲ್ಲ. ಕಬ್ಬಿಣ ಕಟ್ಟಿದ ಕಾಂಕ್ರೀಟಿನ ಮಾಳಿಗೆ ಸ್ವಲ್ಪ ಬಲವನ್ನು ತಗ್ಗಿಸುತ್ತದೆ. ಒಂದು ತಮಾಷೆಯೇನೆಂದರೆ, ಅಲೆಗೆ ಪಕ್ಕದ ಮನೆಯ ಗೋಡೆಯೂ ಅಷ್ಟೆ. ಒಂದೇ ಕಟ್ಟಡದ ಇಬ್ಬರು ಒಂದೇ ಬಗೆಯ ಜೋಡಿಯನ್ನೂ ಒಂದೇ ಕಂಪನಿಯ ಪೆಟ್ಟಿಗೆಯನ್ನೂ ಇಟ್ಟುಕೊಂಡಿದ್ದರೆ, ಮೇಲಿನ ಮನೆಯವರು ಕ್ರಿಕೆಟ್ಟಿಗೆ ತಿರುಗಿಸಿದಾಗ ಕೆಳಗಿನ ಮನೆಯ ಧಾರಾವಾಹಿಯ ಮದುವೆ ನಿಂತುಹೋಗಬಹುದು. ಸಂಕೇತವನ್ನು ಬದಲಿಸಿಕೊಳ್ಳುವ ಸಣ್ಣ ಸ್ವಿಚ್ಚು ಇರುವ ಜೋಡಿಯನ್ನೇ ಕೇಳಿ ಪಡೆಯುವುದು ಲೇಸು.

ವೈಫೈ ಮತ್ತು ಮೊಬೈಲ್ ಫೋನಿನಿಂದ ನಡೆಯುವ ಬಿಲ್ಲೆಯಾಕಾರದ ಯಂತ್ರಗಳೂ ಈಗ ಉಂಟು. ಹುಡುಗರು ಅವನ್ನೇ ಹೊಗಳುತ್ತಾರೆ. ಆದರೆ ಪೊರೆ ತೆಗೆಸಿಕೊಂಡ ಕಣ್ಣಿನವರಿಗೆ, ಬೆರಳು ನಡುಗುವವರಿಗೆ, ನುಣುಪಾದ ಗಾಜಿನ ಮೇಲೆ ಗುಂಡಿಯನ್ನು ಹುಡುಕಿರೆನ್ನುವುದು ನ್ಯಾಯವಲ್ಲ. ಕೈಗೆ ತಡವುವ ಗುಂಡಿಯೇ ಅವರಿಗೆ ಬೇಕು.

ಅಂಟಿಸುವ ಕೆಲಸದಲ್ಲಿ ಆತುರ ಕೂಡದು. ಪೆಟ್ಟಿಗೆಯ ಕಣ್ಣು ಮುಂಬದಿಯ ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ ಅಡಗಿರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಒಳಗೆ ಸಣ್ಣ ಉಬ್ಬೊಂದು ಕಾಣಿಸೀತು. ಒಬ್ಬರು ಹಿಂಗೋಣೆಯಲ್ಲಿ ಗುಂಡಿಯನ್ನು ಒತ್ತುತ್ತಿರಬೇಕು, ಇನ್ನೊಬ್ಬರು ದೀಪವನ್ನು ಪೆಟ್ಟಿಗೆಯ ಮುಖದ ಮೇಲೆ ಮೆಲ್ಲಗೆ ಸರಿಸುತ್ತ ಹೋಗಬೇಕು. ಆಜ್ಞೆ ಮುಟ್ಟಿದಾಗಲೆಲ್ಲ ಪೆಟ್ಟಿಗೆಯ ಸೂಚಕ ದೀಪ ಮಿಣುಕುವುದು ಬಹಳ ಮಾದರಿಗಳಲ್ಲಿ ಉಂಟು, ಅದೇ ಸಾಕ್ಷಿ. ಸರಿಯಾದ ಎಡೆ ಸಿಕ್ಕ ಬಳಿಕವೇ ಅಂಟಿನ ಕಾಗದವನ್ನು ಸುಲಿಯತಕ್ಕದ್ದು. ಕಿಂಡಿಯನ್ನು ಪೂರ್ತಿ ಮುಚ್ಚಿದರೆ ಹಜಾರದ ರಿಮೋಟು ಕುರುಡಾಗುತ್ತದೆ. ಓರೆಯಾಗಿ, ಅರ್ಧ ತೆರವಿರುವಂತೆ ಅಂಟಿಸಬೇಕು. ಹಿಂಗೋಣೆಯ ಕಣ್ಣನ್ನು ಪಶ್ಚಿಮದ ಕಿಟಕಿಯ ಬಿಸಿಲಿಗಾಗಲಿ, ಸಿ.ಎಫ್.ಎಲ್. ದೀಪದ ಎದುರಿಗಾಗಲಿ ಇಡಬಾರದು. ಆ ದೀಪಗಳೊಳಗಿನ ವಿದ್ಯುತ್ತು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಡಿಯುವುದರಿಂದ ಕಣ್ಣಿಗೆ ಭ್ರಾಂತಿಯಾಗುತ್ತದೆ. ಸಂಜೆ ದೀಪ ಹಚ್ಚಿದೊಡನೆ ರಿಮೋಟು ಕೆಲಸ ಮಾಡದೆಂದು ಕೆಲವರು ದೂರುವುದು ಸುಳ್ಳಲ್ಲ. ಬೀರುವಿನ ಮೇಲಿಟ್ಟ ಕಣ್ಣಿಗೆ ಒಳಗಿನ ದೀಪದ ಮಿಡಿತವೇ ಕಾಣಿಸುವಂತಿದ್ದರೆ, ಎರಡೂ ಪರಸ್ಪರ ಮಾತಾಡಿಕೊಳ್ಳುತ್ತ ಮನೆಯವರ ಮಾತನ್ನು ಮರೆತುಬಿಡುತ್ತವೆ.

ಏನೂ ನಡೆಯದಿದ್ದರೆ ಮೊದಲು ಅನುಮಾನಿಸಬೇಕಾದುದು ಸೆಲ್ಲುಗಳನ್ನು. ಹಳೆಯದೊಂದು ಹೊಸದೊಂದು ಹಾಕುವ ಮಿತವ್ಯಯ ಯಾವಾಗಲೂ ನಷ್ಟವೇ. ಸ್ಪ್ರಿಂಗಿಗೆ ಹಸುರು ಕಿಲುಬು ಹತ್ತಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರಾಯಿತು. ರಿಮೋಟು ಬದುಕಿದೆಯೋ ಇಲ್ಲವೋ ತಿಳಿಯಲು ಫೋನಿನ ಕ್ಯಾಮೆರಾದ ಎದುರು ಅದರ ಮೂತಿಯನ್ನಿಟ್ಟು ಗುಂಡಿ ಒತ್ತಬೇಕು. ಕಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ಮಾಸಲು ನೇರಿಳೆಯಾಗಿ ಮಿನುಗುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಅವಕೆಂಪನ್ನು ತಡೆಯುವ ಗಾಜಿರಬಹುದಾದ್ದರಿಂದ ಮುಂಬದಿಯದನ್ನೂ ಪ್ರಯತ್ನಿಸತಕ್ಕದ್ದು. ಮಳೆ ಧೋ ಎಂದು ಸುರಿಯುವಾಗ ಚಿತ್ರ ಒಡೆದರೆ ಅದು ರಿಮೋಟಿನ ತಪ್ಪಲ್ಲ. ದಟ್ಟ ಮಳೆ ಉಪಗ್ರಹದ ಅಲೆಯನ್ನೇ ಹೀರಿಬಿಡುತ್ತದೆ. ಆಗ ಗುಂಡಿಗಳನ್ನೆಲ್ಲ ಒತ್ತಿ ಪೆಟ್ಟಿಗೆಯ ಏರ್ಪಾಟನ್ನು ಕೆಡಿಸುವುದಕ್ಕಿಂತ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನಿರುವುದು ಮೇಲು.

ಇಷ್ಟಾದರೂ ಹಿಂಗೋಣೆಯಲ್ಲಿ ಒಂದು ತೊಡಕು ಉಳಿದಿರುತ್ತದೆ. ವಾಹಿನಿ ಬದಲಿಸಲು ಪೆಟ್ಟಿಗೆಯ ರಿಮೋಟು, ಧ್ವನಿ ಏರಿಸಲು ಹಳೆಯ ಟಿ.ವಿ.ಯ ರಿಮೋಟು, ಹೀಗೆ ಎರಡು. ಕತ್ತಲಲ್ಲಿ ಯಾವುದು ಯಾವುದೆಂದು ತಿಳಿಯದೆ ಅಜ್ಜಿ ಎರಡನ್ನೂ ದಿಂಬಿನ ಕೆಳಗೆ ಸೇರಿಸಿಬಿಡುತ್ತಾರೆ. ಇದಕ್ಕೆಂದೇ ಪೆಟ್ಟಿಗೆಯ ಅನೇಕ ರಿಮೋಟುಗಳಲ್ಲಿ ಕಲಿಯುವ ಗುಂಡಿಗಳನ್ನಿಟ್ಟಿರುತ್ತಾರೆ. ಸಾಮಾನ್ಯವಾಗಿ ಸೆಟ್ ಎಂಬ ಗುಂಡಿಯನ್ನು ಕೆಂಪು ದೀಪ ಹತ್ತಿ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು. ಬಳಿಕ ಧ್ವನಿಯ ಗುಂಡಿಯನ್ನು ಒಮ್ಮೆ ಒತ್ತಿ, ಎರಡು ರಿಮೋಟುಗಳ ಮೂತಿಯನ್ನೂ ಎದುರುಬದುರು ಒಂದೆರಡು ಅಂಗುಲ ದೂರದಲ್ಲಿಟ್ಟು, ಟಿ.ವಿ.ಯ ರಿಮೋಟಿನ ಧ್ವನಿಯ ಗುಂಡಿಯನ್ನು ಒತ್ತಬೇಕು. ದೀಪ ಮಿಣುಕಿದರೆ ಪಾಠ ಹತ್ತಿತೆಂದು ಅರ್ಥ. ಹೀಗೆಯೇ ಹಚ್ಚುವ ಗುಂಡಿಗೂ ಕಲಿಸಿ, ಕೊನೆಗೆ ಮತ್ತೆ ಸೆಟ್ ಒತ್ತಿದರೆ ನೆನಪಿನಲ್ಲಿ ಉಳಿಯುತ್ತದೆ. ಮಾದರಿಗೊಂದಿಷ್ಟು ವ್ಯತ್ಯಾಸವಿರುವುದರಿಂದ ಪೆಟ್ಟಿಗೆಯ ಜೊತೆಗೆ ಬಂದ ಕಿರುಹೊತ್ತಗೆಯನ್ನು ಎಸೆಯದೆ ಇಟ್ಟವರು ಪುಣ್ಯವಂತರು.

ತರುವಾಯ ಬೇಕಾದ ಆರೇಳು ಗುಂಡಿಗಳನ್ನು ಬಿಟ್ಟು ಉಳಿದವುಗಳ ಮೇಲೆ ದಪ್ಪ ಕಾಗದ ಅಂಟಿಸಿಬಿಡುವುದು ಕಂಪನಿಯವರು ಒಪ್ಪದ, ಆದರೆ ಬಲು ಒಳ್ಳೆಯ ಸುಧಾರಣೆ. ಐದರ ಅಂಕಿಯ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಉಬ್ಬಿರುತ್ತದೆ. ಅದನ್ನು ಬೆರಳಿಗೆ ಪರಿಚಯ ಮಾಡಿಸಿದರೆ ಉಳಿದ ಅಂಕಿಗಳನ್ನು ಬೆರಳೇ ಹುಡುಕಿಕೊಳ್ಳುತ್ತದೆ. ಅಜ್ಜಿಗೆ ಪ್ರಿಯವಾದ ನಾಲ್ಕು ವಾಹಿನಿಗಳ ಅಂಕಿಗಳನ್ನು ಮೊಮ್ಮಗ ದಪ್ಪ ಅಕ್ಷರದಲ್ಲಿ ಬರೆದು ಮಂಚದ ಬದಿಯ ಗೋಡೆಗೆ ಅಂಟಿಸಲಿ.

ಇನ್ನುಳಿದುದು ಮನೆಯ ರಾಜಕೀಯ. ಪೆಟ್ಟಿಗೆ ಒಂದೇ, ಚಿತ್ರವೂ ಒಂದೇ. ಹಿಂಗೋಣೆಯಲ್ಲಿ ವಾಹಿನಿ ಬದಲಾದರೆ ಹಜಾರದಲ್ಲೂ ಬದಲಾಗುತ್ತದೆ. ಸಂಜೆ ಏಳೂವರೆಗೆ ಸೊಸೆಯ ಧಾರಾವಾಹಿಯಲ್ಲಿ ಗುಟ್ಟು ಬಯಲಾಗುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಕೃಷಿದರ್ಶನದ ಟೊಮೇಟೋ ತೋಟ ಮೂಡಿದರೆ, “ಅತ್ತೇ, ಸ್ವಲ್ಪ ಹೊತ್ತು ಬಿಡಿ” ಎಂಬ ಕೂಗು ಏಳುತ್ತದೆ. “ನಾನೇನು ದಿನವಿಡೀ ನೋಡುತ್ತೇನೆಯೇ ತಾಯಿ” ಎಂಬ ಉತ್ತರವೂ ಬರುತ್ತದೆ. ಜಗಳವಾಯಿತೆಂದು ಪಿರಮಿಡ್ಡಿನ ಸ್ವಿಚ್ಚನ್ನು ಗುಟ್ಟಾಗಿ ಆರಿಸಿಬಿಡುವ ಮನೆಗಳೂ ಇಲ್ಲದಿಲ್ಲ; ಅದು ಅತ್ಯಂತ ಕೆಟ್ಟ ಪರಿಹಾರ, ಏಕೆಂದರೆ ಅಜ್ಜಿ ತಮ್ಮ ಬೆರಳಿನದೇ ತಪ್ಪೆಂದು ತಿಳಿದುಕೊಳ್ಳುತ್ತಾರೆ. ಹಗಲು ಹಿಂಗೋಣೆಗೆ, ಸಂಜೆ ಹಜಾರಕ್ಕೆ ಎಂದು ಮಾತಿನಿಂದಲೇ ಹಂಚಿಕೊಳ್ಳಬಹುದು. ಅದೂ ನಡೆಯದಿದ್ದರೆ, ತಾರಸಿಯ ಅದೇ ಡಿಷ್‌ಗೆ ಎರಡು ತಂತಿ ಹೊರಡುವ ಗ್ರಾಹಕವನ್ನು ಹಾಕಿಸಿ, ಎರಡನೆಯ ತಂತಿಯನ್ನು ಹಿಂಗೋಣೆಯ ಕಿಟಕಿಗೆ ಇಳಿಸಿ, ಅಲ್ಲೊಂದು ಬೇರೆ ಪೆಟ್ಟಿಗೆಯನ್ನು ಇಡುವುದೇ ಸರಿ. ಡಿಷ್ ಹೊಸದು ಬೇಕಾಗಿಲ್ಲ. ಹೆಚ್ಚುವರಿ ಪೆಟ್ಟಿಗೆಗೆ ಹೊಸ ಸಂಪರ್ಕಕ್ಕಿಂತ ಕಡಿಮೆ ಚಂದಾ ಬೀಳುವ ಏರ್ಪಾಟು ಇದೆಯೇ ಎಂದು ಕಂಪನಿಯವರನ್ನು ಕೇಳಿ ನೋಡತಕ್ಕದ್ದು. ಕಾಗದ ಅಂಟಿಸಿದ, ಪಾಠ ಕಲಿತ ಆ ರಿಮೋಟು ಅದೇ ಮಾದರಿಯ ಹೊಸ ಪೆಟ್ಟಿಗೆಗೂ ನಡೆಯುತ್ತದೆ. ಪಿರಮಿಡ್ಡಿನ ಜೋಡಿಯನ್ನು ಮಹಡಿಯ ಮನೆಯವರು ಕೇಳಿದರೆ ಕೊಟ್ಟುಬಿಡಬಹುದು.